ಸೈನ್ ಎಲ್ಲಿ, ಕಾಸ್ ಎಲ್ಲಿ? ಹಲಗೆ, ಮೂಟೆ ಮತ್ತು ಇಳಿಜಾರಿನ ಲೆಕ್ಕ

ಮೊದಲ ಪಿಯುಸಿಯ ಹುಡುಗಿಯೊಬ್ಬಳು ಒಮ್ಮೆ ತನ್ನ ಉತ್ತರ ಪತ್ರಿಕೆ ತಂದು ತೋರಿಸಿದಳು. 10 ಡಿಗ್ರಿ ವಾಲಿದ ನುಣುಪಾದ ಹಲಗೆ, ಅದರ ಮೇಲೆ ಒಂದು ಪೆಟ್ಟಿಗೆ. ಘರ್ಷಣೆ ಇಲ್ಲ. ಪೆಟ್ಟಿಗೆ ಎಷ್ಟು ವೇಗೋತ್ಕರ್ಷದಿಂದ, ಅಂದರೆ ಪ್ರತಿ ಸೆಕೆಂಡಿಗೆ ಎಷ್ಟು ವೇಗ ಹೆಚ್ಚಿಸಿಕೊಳ್ಳುತ್ತಾ, ಜಾರುತ್ತದೆ ಅನ್ನೋದು ಪ್ರಶ್ನೆ. ಅವಳ ಉತ್ತರ ಸೆಕೆಂಡಿಗೆ ಸೆಕೆಂಡಿಗೆ 9.65 ಮೀಟರ್. ಗುಣಾಕಾರದಲ್ಲಿ ಒಂದು ತಪ್ಪೂ ಇಲ್ಲ. ಆದರೂ ಸೊನ್ನೆ ಅಂಕ.

"ಸೈನ್ ಹಾಕಬೇಕಿತ್ತಂತೆ ಸಾರ್, ನಾನು ಕಾಸ್ ಹಾಕಿದೆ. ಯಾವುದು ಎಲ್ಲಿ ಅಂತ ಪ್ರತಿ ಸಲ ಮರೆತುಹೋಗುತ್ತೆ."

"ಮರೆಯಲಿ ಬಿಡಮ್ಮ. ಈಗ ಕೋನ ಸೊನ್ನೆ ಅಂತ ಹಾಕಿ ನೋಡು. ಪೆಟ್ಟಿಗೆ ಸಪಾಟು ನೆಲದ ಮೇಲಿದೆ. ನಿನ್ನ ಸೂತ್ರ ಏನು ಹೇಳುತ್ತೆ?"

(ಲಂಬಕೋನ ತ್ರಿಕೋನದಲ್ಲಿ ಕೋನದ ಎದುರು ಬದಿಯನ್ನು ಓರೆ ಬದಿಯಿಂದ ಭಾಗಿಸಿದರೆ ಸೈನ್, ಕೋನದ ಪಕ್ಕದ ಬದಿಯನ್ನು ಓರೆ ಬದಿಯಿಂದ ಭಾಗಿಸಿದರೆ ಕಾಸ್.) ಅವಳ ಸೂತ್ರ, ಗುರುತ್ವದ ವೇಗೋತ್ಕರ್ಷ 9.8 × ಕಾಸ್ ಕೋನ. ಕಾಸ್ ಸೊನ್ನೆ ಅಂದರೆ 1. ಅವಳು ಬರೆದಳು, ಸ್ವಲ್ಪ ಹೊತ್ತು ಪುಸ್ತಕ ನೋಡುತ್ತಾ ಕೂತಳು. ಆಮೇಲೆ, "ನೆಲದ ಮೇಲಿಟ್ಟ ಪೆಟ್ಟಿಗೆ ತಾನಾಗೇ ಓಡಿಹೋಗುತ್ತೆ ಸಾರ್, ಮೇಲಿಂದ ಬಿಟ್ಟಷ್ಟೇ ಜೋರಾಗಿ" ಅಂದಳು. ಸರಿ ಉತ್ತರ 1.7. ಅದನ್ನು ಅವಳೇ ಮಾಡಿದಳು.

ಇಳಿಜಾರಿನ ಲೆಕ್ಕದಲ್ಲಿ ಎಡವುವ ಮಕ್ಕಳು ದಡ್ಡರಲ್ಲ. ಸೂತ್ರವನ್ನು ಬಾಯಿಪಾಠ ಮಾಡಿಸಿರುತ್ತಾರೆ, ಹಲಗೆಯನ್ನು ಕೈಯಲ್ಲಿ ಹಿಡಿಸಿರುವುದಿಲ್ಲ. ಆದ್ದರಿಂದ ಇದನ್ನು ಓದುವ ಮೊದಲು ಒಂದು ಎಕ್ಸಾಂ ಪ್ಯಾಡ್, ಒಂದು ಪೆನ್ಸಿಲ್, ಒಂದು ರಬ್ಬರ್, ಎರಡು ನಾಣ್ಯ, ಒಂದು ಸ್ಕೇಲು, ಒಂದು ಗೇಣು ದಾರ, ಟೇಪ್, ಅಂಟು ಹತ್ತಿರ ಇಟ್ಟುಕೊಳ್ಳಿ. ಎಲ್ಲವೂ ಮನೆಯಲ್ಲೇ ಇರುತ್ತವೆ.

ಮೊದಲು: ಮೂಟೆಯ ಮೇಲೆ ಯಾರ್ಯಾರ ಕೈ ಇದೆ?

ಪೆಟ್ಟಿಗೆ ಬದಲು ನಾನು ಮೂಟೆಯನ್ನೇ ತೆಗೆದುಕೊಳ್ಳುತ್ತೇನೆ. ಅಕ್ಕಿ ಗಿರಣಿ ಮುಂದೆ ಟ್ರ್ಯಾಕ್ಟರ್ ಟ್ರಾಲಿಗೆ ಹಲಗೆ ಕೊಟ್ಟು ಹಮಾಲರು ಮೂಟೆ ಏರಿಸುವುದನ್ನು ನೋಡಿರುತ್ತೀರಿ. 50 ಕೆಜಿ ಮೂಟೆ. ಅದನ್ನು ಹಲಗೆಯ ನಡುವೆ ಇಟ್ಟು, ಮೇಲಿಂದ ಒಬ್ಬರು ಹಗ್ಗ ಹಿಡಿದಿದ್ದಾರೆ ಅಂದುಕೊಳ್ಳಿ.

ಚಿತ್ರ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೂಟೆಯನ್ನು ಯಾವುದು ಮುಟ್ಟುತ್ತಿದೆ? ಹಲಗೆ ಮುಟ್ಟುತ್ತಿದೆ. ಹಗ್ಗ ಮುಟ್ಟುತ್ತಿದೆ. ಅಷ್ಟೇ. ಮುಟ್ಟದೇ ಎಳೆಯುವುದು ಭೂಮಿ ಒಂದೇ.

ಭೂಮಿ ಎಳೆಯುವ ಬಲವೇ ತೂಕ. ಹಲಗೆ ಎಷ್ಟೇ ವಾಲಲಿ, ತೂಕದ ಬಾಣ ನೇರ ಕೆಳಗೆ. ಹಗ್ಗದ ಎಳೆತ ಹಗ್ಗದ ದಾರಿಯಲ್ಲಿ. ಹಲಗೆ ಮಾತ್ರ ಎರಡು ಕೆಲಸ ಮಾಡುತ್ತದೆ. ಮೂಟೆ ತನ್ನೊಳಗೆ ಇಳಿಯದಂತೆ ಹೊರಕ್ಕೆ ಒತ್ತುತ್ತದೆ. ಈ ಒತ್ತು ಹಲಗೆಗೆ ನೇರ ಲಂಬವಾಗಿರುತ್ತದೆ. ಇದನ್ನು ಪುಸ್ತಕದಲ್ಲಿ ಅಭಿಲಂಬ ಬಲ ಅನ್ನುತ್ತಾರೆ, ಇಂಗ್ಲಿಷ್ ಮೀಡಿಯಂನವರಿಗೆ ನಾರ್ಮಲ್ ಫೋರ್ಸ್. ನಾನು ಲಂಬ ಬಲ ಅನ್ನುತ್ತೇನೆ. ಇನ್ನೊಂದು ಕೆಲಸ, ಮೂಟೆ ಜಾರದಂತೆ ತನ್ನ ಮೈಯ ಉದ್ದಕ್ಕೂ ಹಿಡಿಯುವುದು. ಅದು ಘರ್ಷಣೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. "ಕೆಳಕ್ಕೆ ಜಾರಿಸುವ ಬಲ" ಅಂತ ಇನ್ನೊಂದು ಬಾಣವನ್ನು ಹಲಗೆಯ ಉದ್ದಕ್ಕೆ ಬರೆಯುವವರು ಜಾಸ್ತಿ. ಹಾಗೆ ಬೇರೆ ಬಲ ಇಲ್ಲ. ಅದು ತೂಕದ್ದೇ ಒಂದು ಪಾಲು. ತೂಕವನ್ನೂ ಬರೆದು, ಅದರ ಪಾಲನ್ನೂ ಬೇರೆಯಾಗಿ ಬರೆದರೆ ಒಂದೇ ಬಲವನ್ನು ಎರಡು ಸಲ ಎಣಿಸಿದಂತೆ. ಪಾಲನ್ನು ಬರೆಯುವುದಾದರೆ ಚುಕ್ಕೆ ಗೆರೆಯಲ್ಲಿ ಬರೆಯಿರಿ, ಅಥವಾ ಮೂಲ ಬಾಣಕ್ಕೆ ಒಂದು ಅಡ್ಡಗೀಟು ಹಾಕಿ.

ಎರಡನೆಯದು: ಕೋನ ಅಲ್ಲಿಗೆ ಹೇಗೆ ಬಂತು?

ಹಲಗೆ ನೆಲದೊಂದಿಗೆ 30 ಡಿಗ್ರಿ ಮಾಡಿದೆ ಅನ್ನಿ. ಚಿತ್ರದಲ್ಲಿ ಅದು ಕೆಳಗೆ, ಹಲಗೆಯ ಮೂಲೆಯಲ್ಲಿದೆ. ಮೇಷ್ಟ್ರು ಮಾತ್ರ ಅದೇ 30 ಡಿಗ್ರಿಯನ್ನು ಮೇಲೆ ಮೂಟೆಯ ಹತ್ತಿರ, ತೂಕದ ಬಾಣದ ಪಕ್ಕ ಬರೆದುಬಿಡುತ್ತಾರೆ. ಅದು ಅಲ್ಲಿಗೆ ಹೇಗೆ ಹಾರಿತು? ಇದನ್ನು ಕೇಳದೇ ಮುಂದೆ ಹೋದವರಿಗೆ ಇಡೀ ಅಧ್ಯಾಯ ಮಂಜು.

ಪ್ಯಾಡನ್ನು ಮೇಜಿನ ಮೇಲೆ ಸಪಾಟಾಗಿ ಇಡಿ. ಅದರ ಅಂಚಿನ ಹತ್ತಿರ ಒಂದು ಪೆನ್ಸಿಲನ್ನು ಪ್ಯಾಡಿಗೆ ನೆಟ್ಟಗೆ ನಿಲ್ಲುವಂತೆ ಟೇಪ್ ಹಾಕಿ ಅಂಟಿಸಿ. ಪೆನ್ಸಿಲಿನ ತುದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ರಬ್ಬರ್ ಕಟ್ಟಿ ಅಂಚಿನ ಆಚೆ ಇಳಿಬಿಡಿ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಬಳಸುವ ತೂಗುಗುಂಡು ಇದೇ ತಾನೇ. ಈಗ ದಾರ ಮತ್ತು ಪೆನ್ಸಿಲ್ ಒಂದಕ್ಕೊಂದು ಅಂಟಿಕೊಂಡಂತೆ ಒಂದೇ ಗೆರೆಯಲ್ಲಿವೆ. ಎರಡರ ನಡುವಿನ ಕೋನ ಸೊನ್ನೆ.

ಪ್ಯಾಡಿನ ಒಂದು ಬದಿಯನ್ನು ನಿಧಾನ ಎತ್ತಿ. ಪೆನ್ಸಿಲ್ ಪ್ಯಾಡಿಗೆ ಅಂಟಿದೆ, ಹಾಗಾಗಿ ಪ್ಯಾಡ್ ಎಷ್ಟು ವಾಲಿತೋ ಪೆನ್ಸಿಲ್ಲೂ ಅಷ್ಟೇ ವಾಲುತ್ತದೆ. ದಾರಕ್ಕೆ ಪ್ಯಾಡಿನ ಹಂಗಿಲ್ಲ, ಅದು ನೇರ ಕೆಳಗೇ ನೋಡುತ್ತಿರುತ್ತದೆ. ಪ್ಯಾಡ್ 30 ಡಿಗ್ರಿ ಎದ್ದರೆ ದಾರಕ್ಕೂ ಪೆನ್ಸಿಲಿಗೂ ನಡುವೆ 30 ಡಿಗ್ರಿ ಬಿಚ್ಚಿಕೊಳ್ಳುತ್ತದೆ. ದಾರವೇ ತೂಕದ ದಿಕ್ಕು. ಪೆನ್ಸಿಲ್ಲೇ ಲಂಬ ಬಲದ ಗೆರೆ. ಕೋನ ಹಾರಿ ಬಂದದ್ದಲ್ಲ, ಹಲಗೆ ಎದ್ದಾಗ ತಾನೂ ಜೊತೆಗೆ ತೆರೆದುಕೊಂಡದ್ದು.

ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದು. ತ್ರಿಕೋನಗಳ ಹೋಲಿಕೆಯಿಂದಲೂ ಇದನ್ನು ಸಾಧಿಸಬಹುದು, ಪರೀಕ್ಷೆಯಲ್ಲಿ ಹಾಗೆ ಬರೆಯಿರಿ. ಆದರೆ ಒಮ್ಮೆ ದಾರ ಮತ್ತು ಪೆನ್ಸಿಲ್ ಬೇರೆಯಾಗುವುದನ್ನು ಕಣ್ಣಾರೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಮೂರನೆಯದು: ಪುಸ್ತಕ ಓರೆ ಮಾಡಿ ತೂಕವನ್ನು ಒಡೆಯಿರಿ

ನೋಟ್ ಪುಸ್ತಕವನ್ನೇ ಸ್ವಲ್ಪ ತಿರುಗಿಸಿ, ಚಿತ್ರದಲ್ಲಿನ ಹಲಗೆ ನಿಮ್ಮ ಕಣ್ಣಿಗೆ ಅಡ್ಡಗೆರೆಯಾಗಿ ಕಾಣುವವರೆಗೆ. ಈಗ ಲಂಬ ಬಲ ನೇರ ಮೇಲಕ್ಕೆ, ಘರ್ಷಣೆ ಮತ್ತು ಹಗ್ಗ ನೇರ ಪಕ್ಕಕ್ಕೆ. ಓರೆಯಾಗಿ ಉಳಿದದ್ದು ತೂಕ ಒಂದೇ. ಅಕ್ಷಗಳನ್ನು ಹಲಗೆಯ ಉದ್ದಕ್ಕೂ ಅದಕ್ಕೆ ಲಂಬವಾಗಿಯೂ ಇಟ್ಟುಕೊಳ್ಳಿ ಅಂತ ಹೇಳುವುದು ಇದಕ್ಕೇ. ನೆಲಕ್ಕೆ ತಕ್ಕಂತೆ ಇಟ್ಟರೂ ಉತ್ತರ ಬರುತ್ತದೆ, ಆದರೆ ಆಗ ಒಂದರ ಬದಲು ಮೂರು ಬಲಗಳನ್ನು ಒಡೆಯಬೇಕು. ಸುಮ್ನೆ ಕಷ್ಟ.

ತೂಕದ ಬಾಣ ಪೆನ್ಸಿಲ್ ಗೆರೆಯಿಂದ 30 ಡಿಗ್ರಿ ದೂರದಲ್ಲಿದೆ. ಆದ್ದರಿಂದ ಆ ಗೆರೆಯ ಮೇಲೆ, ಅಂದರೆ ಹಲಗೆಯೊಳಕ್ಕೆ ಒತ್ತುವ ಪಾಲು:

ತೂಕ × ಕಾಸ್ ಕೋನ

ಹಲಗೆಯ ಉದ್ದಕ್ಕೆ ಕೆಳಕ್ಕೆ ಎಳೆಯುವ ಪಾಲು:

ತೂಕ × ಸೈನ್ ಕೋನ

ಇದನ್ನು ನಂಬಬೇಡಿ, ಪರೀಕ್ಷೆ ಮಾಡಿ. ಹಲಗೆ ಸಪಾಟಾಗಿದ್ದಾಗ ಜಾರಿಸುವ ಪಾಲು ಸೊನ್ನೆ ಇರಬೇಕು. ಸೈನ್ ಸೊನ್ನೆ ಅಂದರೆ ಸೊನ್ನೆ. ಸರಿ. ಹಲಗೆ ಗೋಡೆಯಂತೆ 90 ಡಿಗ್ರಿ ನಿಂತಾಗ ಮೂಟೆ ಹಲಗೆಯನ್ನು ಒತ್ತುವುದೇ ಇಲ್ಲ, ಪಕ್ಕದಲ್ಲೇ ನೇರ ಬೀಳುತ್ತದೆ. ಕಾಸ್ 90 ಸೊನ್ನೆ. ಅದೂ ಸರಿ. ಹತ್ತು ಸೆಕೆಂಡಿನ ಕೆಲಸ. ಪರೀಕ್ಷಾ ಕೊಠಡಿಯಲ್ಲಿ ಗಾಬರಿಯಾದಾಗಲೂ ಇದನ್ನು ಮಾಡಬಹುದು. ಪ್ರಶ್ನೆಯಲ್ಲಿ ಕೋನವನ್ನು ನೆಲದಿಂದ ಕೊಡದೇ ನೆಟ್ಟಗಿನ ಗೋಡೆಯಿಂದ ಕೊಟ್ಟಿದ್ದರೆ ಸೈನ್ ಮತ್ತು ಕಾಸ್ ಜಾಗ ಬದಲಾಗುತ್ತವೆ. ಬಾಯಿಪಾಠದವರು ಅಲ್ಲಿ ಬೀಳುತ್ತಾರೆ. ಸೊನ್ನೆ ಮತ್ತು ತೊಂಬತ್ತು ಹಾಕಿ ನೋಡುವವರು ಬೀಳುವುದಿಲ್ಲ.

ಈಗ ಅಂಕಿ ಹಾಕೋಣ. ಲೆಕ್ಕ ಸಲೀಸಾಗಲಿ ಅಂತ ಗುರುತ್ವದ ವೇಗೋತ್ಕರ್ಷವನ್ನು 10 ಅಂತಲೇ ಹಿಡಿಯುತ್ತೇನೆ. ಮೂಟೆಯ ತೂಕ 500 ನ್ಯೂಟನ್. ಟ್ರಾಲಿಯ ಎತ್ತರ 1 ಮೀಟರ್, ಹಲಗೆಯ ಉದ್ದ 2 ಮೀಟರ್. ಎತ್ತರ ಭಾಗಿಸು ಉದ್ದ, ಅದೇ ಸೈನ್. ಅರ್ಧ ಬಂತು, ಅಂದರೆ 30 ಡಿಗ್ರಿ. ಜಾರಿಸುವ ಪಾಲು 250 ನ್ಯೂಟನ್. ಹಲಗೆಯೊಳಕ್ಕೆ ಒತ್ತುವ ಪಾಲು 500 × 0.866, ಅಂದರೆ 433.

250ಕ್ಕೆ 433 ಕೂಡಿಸಿದರೆ 683 ಆಗುತ್ತದೆ, 500 ಆಗುವುದಿಲ್ಲ. ಇದನ್ನು ನೋಡಿ ಕೆಲವರು ಹೆದರುತ್ತಾರೆ. ಬಲಗಳು ದಿಕ್ಕಿರುವ ವಸ್ತುಗಳು, ಅವನ್ನು ಕಾಳಿನಂತೆ ಕೂಡಿಸಬಾರದು. ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ. 500 ಸರಿಯಾಗಿ ಬರುತ್ತದೆ.

ಸೈನ್ ಇಲ್ಲದೆ ಇದನ್ನು ಕಂಡವರು

ಒಂದು ನಿಮಿಷ ಲೆಕ್ಕ ಬಿಟ್ಟು ಇದನ್ನು ಹೇಳಲೇಬೇಕು. ಬ್ರೂಜ್ ಊರಲ್ಲಿ ಹುಟ್ಟಿದ ಸೈಮನ್ ಸ್ಟೆವಿನ್ 1586ರಲ್ಲಿ ಒಂದು ಚಿತ್ರ ಅಚ್ಚು ಹಾಕಿಸಿದರು. ಒಂದು ತ್ರಿಕೋನದ ದಿಮ್ಮಿ. ಅದರ ಒಂದು ಇಳಿಜಾರು ಇನ್ನೊಂದರ ಎರಡರಷ್ಟು ಉದ್ದ. ಅದರ ಮೇಲೆ ಸರದಂತೆ 14 ಗುಂಡುಗಳ ಒಂದು ಮಾಲೆ. ಉದ್ದನೆಯ ಕಡೆ 4 ಗುಂಡು, ಗಿಡ್ಡ ಕಡೆ 2, ಉಳಿದ 8 ಕೆಳಗೆ ಜೋತು ಬಿದ್ದಿವೆ.

ಸ್ಟೆವಿನ್ ಕೇಳಿದ್ದು ಇಷ್ಟೇ. ಈ ಮಾಲೆ ಒಂದು ಕಡೆಗೆ ತಾನಾಗಿ ಸರಿಯಿತು ಅನ್ನಿ. ಒಂದು ಗುಂಡಿನ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಚಿತ್ರ ಮೊದಲಿನಂತೆಯೇ ಇದೆ. ಹಾಗಿದ್ದರೆ ಮತ್ತೆ ಸರಿಯಬೇಕು, ಮತ್ತೆ, ಮತ್ತೆ, ಕೊನೆಯೇ ಇಲ್ಲದಂತೆ. ಅದು ಆಗದ ಮಾತು. ಆದ್ದರಿಂದ ಮಾಲೆ ಕದಲುವುದೇ ಇಲ್ಲ. ಕೆಳಗೆ ಜೋತುಬಿದ್ದ ಭಾಗ ಎರಡೂ ಕಡೆ ಸಮನಾಗಿ ಎಳೆಯುತ್ತದೆ, ಅದನ್ನು ಕತ್ತರಿಸಿ ಹಾಕಿ. ಆಗಲೂ ಕದಲುವುದಿಲ್ಲ. ಅಂದರೆ ಉದ್ದ ಇಳಿಜಾರಿನ 4 ಗುಂಡುಗಳನ್ನು ಗಿಡ್ಡ ಇಳಿಜಾರಿನ 2 ಗುಂಡುಗಳು ತಡೆದು ನಿಲ್ಲಿಸಿವೆ. ಇಳಿಜಾರು ಎರಡರಷ್ಟು ಉದ್ದವಾದರೆ ಪ್ರತಿ ಗುಂಡಿನ ಎಳೆತ ಅರ್ಧ.

ಗಿಡ್ಡ ಕಡೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಎಳೆತ ಅಂದರೆ ತೂಕ × ಎತ್ತರ ÷ ಉದ್ದ. ನಮ್ಮ ಸೈನ್ ಅದೇ! ಆ ಚಿತ್ರದ ಜೊತೆ ಅವರು "ಬೆರಗು, ಆದರೂ ಬೆರಗಲ್ಲ" ಎಂಬ ಅರ್ಥದ ಡಚ್ ಮಾತೊಂದನ್ನು ಅಚ್ಚು ಹಾಕಿಸಿದ್ದರು. ಈ ಮಾಲೆಯ ಚಿತ್ರ ತರಗತಿಯ ಗೋಡೆಯ ಮೇಲೆ ಇರಬೇಕು ಅಂತ ನನಗೆ ತುಂಬಾ ಆಸೆ.

ನಾಲ್ಕನೆಯದು: ಘರ್ಷಣೆ, ಇಲ್ಲಿ ನಿಧಾನ ಮಾಡಿ

ಹಲಗೆ ನುಣುಪು ಅಂತ ಪ್ರಶ್ನೆಯಲ್ಲಿ ಬರೆದುಬಿಡುವುದು ಸುಲಭ. ಗೋಣಿಚೀಲ ಮತ್ತು ಮರದ ಹಲಗೆ ನುಣುಪಲ್ಲ.

ಘರ್ಷಣೆ ಹೆಚ್ಚೆಂದರೆ ಎಷ್ಟಿರಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ: ಘರ್ಷಣಾ ಗುಣಾಂಕ × ಲಂಬ ಬಲ. ಗುಣಾಂಕವನ್ನು ಮ್ಯೂ ಅನ್ನುತ್ತೇವೆ. ಅದು ತಾಗುವ ಎರಡು ಮೈಗಳನ್ನು ಅವಲಂಬಿಸಿದ ಒಂದು ಸಂಖ್ಯೆ. ನಮ್ಮ ಹಲಗೆಗೂ ಗೋಣಿಗೂ ಅದು 0.4 ಅಂತ ಇಟ್ಟುಕೊಳ್ಳೋಣ. ಜಾರಲು ಶುರುವಾದ ಮೇಲೆ ಗುಣಾಂಕ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ, ಸದ್ಯಕ್ಕೆ ಆ ವ್ಯತ್ಯಾಸ ಬಿಡೋಣ.

ಲಂಬ ಬಲ ತೂಕಕ್ಕೆ ಸಮ ಅಲ್ಲ ಅನ್ನುವುದನ್ನು ಇಲ್ಲಿ ಮರೆಯಬೇಡಿ. ಹಲಗೆ ಒತ್ತುವುದು 500 ಅಲ್ಲ, 433. ಹಾಗಾಗಿ ಘರ್ಷಣೆಯ ಮಿತಿ 0.4 × 433, ಅಂದರೆ 173 ನ್ಯೂಟನ್. ಜಾರಿಸುವ ಪಾಲು 250. ಮಿತಿಗಿಂತ ಜಾಸ್ತಿ. ಹಗ್ಗ ಬಿಟ್ಟರೆ ಮೂಟೆ ಜಾರುತ್ತದೆ. ಉಳಿದ 77 ನ್ಯೂಟನ್ ಅನ್ನು 50 ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸುಮಾರು 1.5.

ಈಗ 3 ಮೀಟರ್ ಉದ್ದದ ಹಲಗೆ ತಂದೆವು. ಸೈನ್ ಮೂರನೇ ಒಂದು, ಕೋನ ಸುಮಾರು 19.5 ಡಿಗ್ರಿ. ಜಾರಿಸುವ ಪಾಲು 167. ಕಾಸ್ 0.943, ಲಂಬ ಬಲ 471, ಘರ್ಷಣೆಯ ಮಿತಿ 189. ಹಗ್ಗ ಬಿಟ್ಟರೂ ಮೂಟೆ ನಿಂತಲ್ಲೇ ನಿಲ್ಲುತ್ತದೆ. ಈಗ ನನ್ನ ಪ್ರಶ್ನೆ: ನಿಂತ ಮೂಟೆಯ ಮೇಲೆ ಘರ್ಷಣೆ ಎಷ್ಟು?

ತರಗತಿಯಲ್ಲಿ ಮುಕ್ಕಾಲು ಜನ 189 ಅನ್ನುತ್ತಾರೆ. ಹಾಗಿದ್ದರೆ ಮೇಲಕ್ಕೆ 189, ಕೆಳಕ್ಕೆ 167. ಮೂಟೆ ತಾನಾಗೇ ಹಲಗೆ ಹತ್ತಿ ಟ್ರಾಲಿಗೆ ಹೋಗಬೇಕು! ಹಾಗಾಗಲ್ಲ ಅಲ್ವಾ? ಘರ್ಷಣೆ 167. ನಿಂತಿರುವ ವಸ್ತುವಿನ ಮೇಲೆ ಘರ್ಷಣೆ ಬೇಕಾದಷ್ಟೇ ಬರುತ್ತದೆ, ಒಂದು ನ್ಯೂಟನ್ನೂ ಹೆಚ್ಚಿಲ್ಲ. 189 ಅನ್ನುವುದು ಅದರ ಕೊನೆಯ ಮಿತಿ. ಆದ್ದರಿಂದ ಮ್ಯೂ ಕಂಡ ಕೂಡಲೇ ಗುಣಿಸಲು ಹೋಗಬೇಡಿ. ಮೊದಲು ಜಾರುತ್ತದೆಯೋ ಇಲ್ಲವೋ ನೋಡಿ, ಆಮೇಲೆ ಘರ್ಷಣೆ ಬರೆಯಿರಿ.

ದಿಕ್ಕಿನ ವಿಷಯವೂ ಹಾಗೆಯೇ. ಘರ್ಷಣೆ ಯಾವಾಗಲೂ ಮೇಲ್ಮುಖ ಅಂತ ಬರೆಯುವ ಅಭ್ಯಾಸ ಬಿಡಿ. ಮೂಟೆ ಕೆಳಕ್ಕೆ ಜಾರುವಾಗ, ಜಾರಲು ನೋಡುವಾಗ ಅದು ಮೇಲ್ಮುಖ. ಮೂಟೆಯನ್ನು ಮೇಲಕ್ಕೆ ಎಳೆಯುವಾಗ ಅದು ಕೆಳಮುಖ. ಹಮಾಲರ ಕಷ್ಟ ಇರುವುದು ಅಲ್ಲೇ.

ಮ್ಯೂ ಅಳೆಯಲು ಲ್ಯಾಬ್ ಬೇಕಿಲ್ಲ. ಪ್ಯಾಡಿನ ಮೇಲೆ ನಾಣ್ಯ ಇಡಿ. ಒಂದು ಬದಿಯನ್ನು ತುಂಬಾ ನಿಧಾನ ಎತ್ತುತ್ತಾ ಹೋಗಿ. ನಾಣ್ಯ ಕದಲಿದ ಗಳಿಗೆಯಲ್ಲಿ ನಿಲ್ಲಿಸಿ. ಆ ಗಳಿಗೆಯಲ್ಲಿ ತೂಕ × ಸೈನ್ ಕೋನ ಮತ್ತು ಮ್ಯೂ × ತೂಕ × ಕಾಸ್ ಕೋನ ಸಮ. ಎರಡೂ ಕಡೆಯ ತೂಕ ಹೊಡೆದುಹೋಯಿತು. ಮ್ಯೂ ಅಂದರೆ ಆ ಕೋನದ ಟ್ಯಾನ್, ಅಂದರೆ ಸೈನ್ ಭಾಗಿಸು ಕಾಸ್. ಕೋನಮಾಪಕವೂ ಬೇಡ. ಎದ್ದ ಅಂಚಿನಿಂದ ಮೇಜಿಗೆ ಎಷ್ಟು ಎತ್ತರ, ಅದರ ನೇರ ಕೆಳಗಿನಿಂದ ಪ್ಯಾಡಿನ ಇನ್ನೊಂದು ಅಂಚಿಗೆ ಎಷ್ಟು ದೂರ, ಸ್ಕೇಲಿನಲ್ಲಿ ಅಳೆದು ಭಾಗಿಸಿ. ಎತ್ತರ 10 ಸೆಂಟಿಮೀಟರ್, ದೂರ 33 ಬಂದರೆ ಮ್ಯೂ ಸುಮಾರು 0.3.

ಈಗ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಟೇಪ್ ಸುತ್ತದಂತೆ, ನಡುವೆ ಅಂಟು ಹಾಕಿ ಜೋಡಿಸಿ ಮತ್ತೆ ಮಾಡಿ. ತೂಕ ಎರಡರಷ್ಟಾಯಿತು, ಬೇಗ ಜಾರುತ್ತದೆ ಅಂತ ಹೆಚ್ಚಿನವರು ಊಹಿಸುತ್ತಾರೆ. ಕೋನ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಯಾಕೆ ಅಂತ ಮೇಲೆ ನೋಡಿದೆವು, ತೂಕ ಎರಡೂ ಕಡೆಯಿಂದ ಹೊಡೆದುಹೋಯಿತಲ್ಲ. ನಾಣ್ಯ ತೆಗೆದು ರಬ್ಬರ್ ಇಟ್ಟರೆ ಮಾತ್ರ ಪ್ಯಾಡನ್ನು ಇನ್ನೂ ತುಂಬಾ ಎತ್ತಬೇಕಾಗುತ್ತದೆ. ಐದೈದು ಸಲ ಮಾಡಿ ಸರಾಸರಿ ತೆಗೆಯಿರಿ, ಒಂದೇ ಸಲದ ಅಂಕಿಯನ್ನು ನಂಬಬೇಡಿ.

ಕಣದಲ್ಲಿ ರಾಗಿ ರಾಶಿ ಹಾಕುವುದನ್ನು ನೋಡಿದವರಿಗೆ ಇನ್ನೊಂದು ಮಾತು. ಮೇಲಿಂದ ಎಷ್ಟೇ ಸುರಿದರೂ ರಾಶಿ ಕಂಬದಂತೆ ಎದ್ದು ನಿಲ್ಲುವುದಿಲ್ಲ. ಒಂದು ಓರೆ ಮುಟ್ಟಿದ ಮೇಲೆ ಕಾಳು ಜಾರಿ ಬುಡ ಅಗಲವಾಗುತ್ತದೆ, ಓರೆ ಮಾತ್ರ ಅಷ್ಟೇ ಉಳಿಯುತ್ತದೆ. ಕಾಳಿಗೂ ಕಾಳಿಗೂ ನಡುವಿನ ಹಿಡಿತ ಆ ಓರೆಯನ್ನು ತೀರ್ಮಾನಿಸುತ್ತದೆ. ಮರಳಿನ ರಾಶಿಯೂ ಹಾಗೆಯೇ.

ಐದನೆಯದು: ಎಳೆಯುವವರಿಗೆ ಎಷ್ಟು ಲಾಭ?

ಹಲಗೆ ಉದ್ದವಾದಷ್ಟು ಶ್ರಮ ಕಡಿಮೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅಂಕಿಗಳನ್ನು ಕೇಳೋಣ.

ಹಲಗೆ ಇಲ್ಲದೆ ನೇರ ಎತ್ತಿದರೆ 500 ನ್ಯೂಟನ್, 1 ಮೀಟರ್. ಕೆಲಸ, ಅಂದರೆ ಬಲ × ದೂರ, 500 ಜೌಲ್.

2 ಮೀಟರ್ ಹಲಗೆಯಲ್ಲಿ ಸಮ ವೇಗದಲ್ಲಿ ಮೇಲಕ್ಕೆ ಎಳೆದರೆ ಜಾರಿಸುವ ಪಾಲು 250, ಅದರ ಜೊತೆ ಈಗ ಕೆಳಮುಖವಾದ ಘರ್ಷಣೆ 173. ಒಟ್ಟು 423. ಎತ್ತುವುದಕ್ಕಿಂತ ಬರೀ 77 ಕಡಿಮೆ! ಕೆಲಸ 423 × 2, ಅಂದರೆ 846 ಜೌಲ್.

3 ಮೀಟರ್ ಹಲಗೆಯಲ್ಲಿ 167 ಮತ್ತು 189, ಒಟ್ಟು 356 ನ್ಯೂಟನ್. ಕೆಲಸ ಸುಮಾರು 1066 ಜೌಲ್.

ಬಲ ಇಳಿಯಿತು, ಕೆಲಸ ಏರಿತು. ಉದ್ದ ಹಲಗೆ ಒಂದೊಂದು ಗಳಿಗೆಯ ಭಾರವನ್ನು ಕಡಿಮೆ ಮಾಡುತ್ತದೆ, ದಿನದ ಕೊನೆಯ ದಣಿವನ್ನು ಕಡಿಮೆ ಮಾಡುವುದಿಲ್ಲ. ಘರ್ಷಣೆಗೆ ತಿಂದುಹೋದ ಕೆಲಸವನ್ನು ನೀವೇ ಬಿಡಿಸಿ ನೋಡಿದರೆ ಚೆಂದದ ಒಂದು ಸಂಗತಿ ಸಿಗುತ್ತದೆ. ಅದು ಮ್ಯೂ × ತೂಕ × ನೆಲದ ಮೇಲಿನ ಅಡ್ಡ ದೂರ. ಎತ್ತರ ಅದರಲ್ಲಿ ಬರುವುದೇ ಇಲ್ಲ.

ಡ್ರಮ್ ಏರಿಸುವವರು ಅದನ್ನು ಎಳೆಯದೆ ಉರುಳಿಸುವುದು ಇದೇ ಕಾರಣಕ್ಕೆ. ಉರುಳಿದರೆ ಉಜ್ಜಾಟ ಇಲ್ಲ. ಘರ್ಷಣೆಯ ಖರ್ಚು ಬಹುಪಾಲು ತಪ್ಪುತ್ತದೆ, ಇಳಿಜಾರಿನ ಲಾಭ ಪೂರ್ತಿ ಸಿಗುತ್ತದೆ. ಮೂಟೆಯನ್ನು ಬೆನ್ನ ಮೇಲೆ ಹೊತ್ತು ಹಲಗೆ ಹತ್ತುವುದರಲ್ಲೂ ಅದೇ ಜಾಣತನ. ಅಲ್ಲಿ ಮೂಟೆ ಹಲಗೆಗೆ ಉಜ್ಜುವುದೇ ಇಲ್ಲ. ಕಾಲಿಗೆ ಹಲಗೆಯ ಹಿಡಿತ ಬೇಕು, ಅದಕ್ಕೇ ಹಲಗೆಗೆ ಅಡ್ಡಪಟ್ಟಿ ಹೊಡೆದಿರುತ್ತಾರೆ.

ಹಗ್ಗ ಹಲಗೆಗೆ ಸಮಾಂತರ ಇಲ್ಲದಿದ್ದರೆ? ಹಗ್ಗವನ್ನೂ ಎರಡು ಪಾಲು ಮಾಡಿ. ಹಗ್ಗ ಸ್ವಲ್ಪ ಮೇಲ್ಮುಖವಾಗಿದ್ದರೆ ಒಂದು ಪಾಲು ಮೂಟೆಯನ್ನು ಹಲಗೆಯಿಂದ ಎತ್ತುತ್ತದೆ, ಲಂಬ ಬಲ ಇಳಿಯುತ್ತದೆ, ಘರ್ಷಣೆಯೂ ಇಳಿಯುತ್ತದೆ. ಹಿಂದಿನಿಂದ ನೆಲಕ್ಕೆ ಸಮಾಂತರವಾಗಿ ತಳ್ಳಿದರೆ ಮೂಟೆ ಹಲಗೆಯೊಳಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಲಂಬ ಬಲವನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕು, ಹಳೆಯದನ್ನು ತಂದು ಕೂರಿಸಬಾರದು.

ಆರನೆಯದು: ಜಾರುವ ವೇಗ

ಘರ್ಷಣೆ ಇಲ್ಲದ ಹಲಗೆಯಲ್ಲಿ ವೇಗೋತ್ಕರ್ಷ ಅಂದರೆ ಗುರುತ್ವದ ವೇಗೋತ್ಕರ್ಷ × ಸೈನ್ ಕೋನ. ದ್ರವ್ಯರಾಶಿ ಇಲ್ಲಿ ಇಲ್ಲ. ಗೆಲಿಲಿಯೊಗೆ ಇಳಿಜಾರು ಬೇಕಾದದ್ದು ಇದಕ್ಕೇ. ನೇರ ಬೀಳುವ ಗುಂಡು ಅಳೆಯಲು ಆಗದಷ್ಟು ಬೇಗ ಬೀಳುತ್ತದೆ, ಇಳಿಜಾರು ಅದೇ ಬೀಳುವಿಕೆಯನ್ನು ನಿಧಾನ ಮಾಡಿ ತೋರಿಸುತ್ತದೆ. 1638ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಅವರು ಸುಮಾರು 12 ಮೊಳ ಉದ್ದದ ಮರದ ತೊಲೆ, ಅದರಲ್ಲಿ ಕೊರೆದ ನುಣುಪು ಕಾಲುವೆ, ಅದರಲ್ಲಿ ಉರುಳುವ ಕಂಚಿನ ಗುಂಡಿನ ವಿವರ ಕೊಟ್ಟಿದ್ದಾರೆ. ಗಡಿಯಾರದ ಬದಲು ಪಾತ್ರೆಯಿಂದ ಸಣ್ಣ ಧಾರೆಯಾಗಿ ಬಿದ್ದ ನೀರನ್ನು ತೂಕ ಮಾಡಿ ಸಮಯ ಅಳೆದರು. ಕಾಲುಭಾಗ ದೂರಕ್ಕೆ ಸರಿಯಾಗಿ ಅರ್ಧ ಸಮಯ ಸಾಕಾಯಿತು.

ನೀವು ಗೋಲಿ ಉರುಳಿಸಿ ಅಳೆದರೆ ಉತ್ತರ ಸೂತ್ರಕ್ಕಿಂತ ಕಡಿಮೆ ಬರುತ್ತದೆ. ನಿಮ್ಮ ತಪ್ಪಲ್ಲ. ಗೋಲಿ ಮುಂದೆ ಹೋಗುವುದರ ಜೊತೆ ತಿರುಗಲೂ ಬೇಕು. ಜಾರದೆ ಉರುಳುವ ಗಟ್ಟಿ ಗೋಲಿಗೆ ಏಳರಲ್ಲಿ ಐದು ಪಾಲು ವೇಗೋತ್ಕರ್ಷ ಮಾತ್ರ ಸಿಗುತ್ತದೆ.

ಕೊನೆಯದು: ಡಿಗ್ರಿ ಇಲ್ಲದ ಇಳಿಜಾರುಗಳು

ಪುಸ್ತಕದ ಹೊರಗೆ ಯಾರೂ ಇಳಿಜಾರನ್ನು ಡಿಗ್ರಿಯಲ್ಲಿ ಹೇಳುವುದಿಲ್ಲ. ರಸ್ತೆಯವರು ಶೇಕಡಾದಲ್ಲಿ ಹೇಳುತ್ತಾರೆ. ಶೇಕಡಾ 10 ಅಂದರೆ 100 ಮೀಟರ್ ಅಡ್ಡ ಹೋದಾಗ 10 ಮೀಟರ್ ಏರು. ಅದು ಟ್ಯಾನ್. ಶೇಕಡಾ 100 ಅಂದರೆ ಗೋಡೆ ಅಲ್ಲ, 45 ಡಿಗ್ರಿ.

ರೈಲಿನವರದು 50ಕ್ಕೆ 1, 37ಕ್ಕೆ 1 ಅನ್ನುವ ಲೆಕ್ಕ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ ಏರು 50ಕ್ಕೆ 1. ಕೋನ 1.15 ಡಿಗ್ರಿ ಮಾತ್ರ. ಪ್ಯಾಡನ್ನು ಅಷ್ಟು ಎತ್ತಿದರೆ ಕಣ್ಣಿಗೆ ಕಾಣುವುದೂ ಕಷ್ಟ. ಆದರೆ 1000 ಟನ್ ರೈಲಿಗೆ ಹಳಿಯ ಉದ್ದಕ್ಕೆ ಹಿಂದಕ್ಕೆ ಎಳೆಯುವ ಪಾಲು 20 ಟನ್ ತೂಕದಷ್ಟು. ಕ್ಯಾಸಲ್ ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿ 37ಕ್ಕೆ 1, ಅಲ್ಲಿ ಅದೇ ರೈಲಿಗೆ 27 ಟನ್. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಅದಕ್ಕೇ ಘಾಟಿಗಳಲ್ಲಿ ರೈಲಿನ ಹಿಂಭಾಗಕ್ಕೂ ಎಂಜಿನ್ ಜೋಡಿಸುವುದು.

ಇಷ್ಟು ಸಣ್ಣ ಕೋನಗಳಲ್ಲಿ ಸೈನ್ ಮತ್ತು ಟ್ಯಾನ್ ಬಹುತೇಕ ಒಂದೇ, ಯಾವುದು ಹಾಕಿದರೂ ನಡೆಯುತ್ತದೆ. 30 ಡಿಗ್ರಿಯಲ್ಲಿ ನಡೆಯುವುದಿಲ್ಲ: ಒಂದು 0.5, ಇನ್ನೊಂದು 0.577.

ಈ ಲೆಕ್ಕವನ್ನು ಒಮ್ಮೆ ನಿಮ್ಮ ಮನೆ ಮುಂದೆ ಹಾಕಿ. ಗಾಲಿಕುರ್ಚಿಯ ರ‍್ಯಾಂಪ್‌ಗೆ ನಮ್ಮ ದೇಶದ ಮಾರ್ಗಸೂಚಿ ಹೇಳುವ ಮಿತಿ 12ಕ್ಕೆ 1. ಕುರ್ಚಿ ಮತ್ತು ಕೂತವರು ಸೇರಿ 80 ಕೆಜಿ ಅಂದರೆ ತೂಕ 800 ನ್ಯೂಟನ್, ತಳ್ಳುವವರಿಗೆ ಬೇಕಾದದ್ದು ಸುಮಾರು 66. ಮನೆಯ ಪಾಯ 45 ಸೆಂಟಿಮೀಟರ್ ಎತ್ತರ ಇದ್ದರೆ ಅಂಥ ರ‍್ಯಾಂಪ್ 5.4 ಮೀಟರ್ ಮುಂದಕ್ಕೆ ಬರಬೇಕು. ಜಾಗ ಇಲ್ಲ ಅಂತ ಬಹಳ ಕಡೆ ಸ್ಕೂಟರಿಗೆ ಹಾಕಿದ ಒಂದೂವರೆ ಮೀಟರಿನ ಇಳಿಜಾರಲ್ಲೇ ಅಜ್ಜಿಯ ಕುರ್ಚಿಯನ್ನೂ ಏರಿಸುತ್ತಾರೆ. 45 ಭಾಗಿಸು 150, ಟ್ಯಾನ್ 0.3, ಕೋನ 16.7 ಡಿಗ್ರಿ, ಬಲ 230 ನ್ಯೂಟನ್. ಕುರ್ಚಿಯ ಜೊತೆ ಹತ್ತುವಾಗ 23 ಕೆಜಿ ಎತ್ತಿದಷ್ಟು. ಇಳಿಯುವಾಗ ಅಷ್ಟೇ ಭಾರವನ್ನು ಹಿಂದಕ್ಕೆ ಹಿಡಿದಿರಬೇಕು, ಕೈ ಜಾರುವ ಹಾಗಿಲ್ಲ. ಜಾಗ ನಿಜವಾಗಿಯೂ ಇಲ್ಲದಿದ್ದರೆ ರ‍್ಯಾಂಪನ್ನು ಗೋಡೆಯ ಪಕ್ಕಕ್ಕೆ ತಿರುಗಿಸಿ, ನಡುವೆ ಸಪಾಟಾದ ಒಂದು ಕಟ್ಟೆ ಬಿಟ್ಟು, ಎರಡು ತುಂಡಾಗಿ ಕಟ್ಟಬಹುದು. ಗಾರೆಯವರಿಗೆ ಡಿಗ್ರಿ ಹೇಳಬೇಡಿ. "ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ" ಅನ್ನಿ, ಟೇಪ್ ಹಿಡಿದು ಕಟ್ಟಿಕೊಡುತ್ತಾರೆ.